ಬಾವಿಯ ಜ್ವರ ನೋಡುವವಳು

ಪಂಪ್ ಮನೆ ನೋಡಿಕೊಳ್ಳುವವಳ ತಲೆಯನ್ನು ವರ್ಷಗಟ್ಟಲೆ ಕೊರೆದದ್ದು ಒಂದೇ ಪ್ರಶ್ನೆ. ಊರಿನ ಚರಂಡಿಗಳನ್ನೆಲ್ಲ ನುಂಗಿ ಹರಿಯುವ ನದಿಯ ಹತ್ತಿರ ಹೋದರೆ ಮೂಗು ಮುಚ್ಚಿಕೊಳ್ಳಬೇಕು. ದಂಡೆಯಿಂದ ಅರವತ್ತು ಹೆಜ್ಜೆ ಈಚೆಗಿನ ಬಾವಿಯಲ್ಲಿ ಮಾತ್ರ ತಳದ ಹರಳು ಎಣಿಸುವಷ್ಟು ತಿಳಿನೀರು ಹೇಗೆ? ಕೆಳಗಿನ ಓಣಿಗಳೆಲ್ಲ ಕುಡಿಯುವುದು ಅದನ್ನೇ.

"ಎರಡೂ ಒಂದೇ ನೀರಮ್ಮ, ಮರಳಿನೊಳಗೆ ನಡ್ಕೊಂಡು ಬರುತ್ತೆ," ಎಂದಿದ್ದರು ಹಳೆಯ ಇಂಜಿನಿಯರು.

"ಎಷ್ಟು ದಿನ ನಡೆಯುತ್ತೆ ಸಾರ್?"

ಅವರು ನಕ್ಕು, ನಿವೃತ್ತರಾಗುವಾಗ ತಮ್ಮ ಥರ್ಮಾಮೀಟರ್ ಅವಳಿಗೇ ಬಿಟ್ಟುಹೋದರು. ಅಂದಿನಿಂದ ದಿನಾ ಬೆಳಿಗ್ಗೆ ಅದನ್ನು ನದಿಗೊಮ್ಮೆ, ಬಾವಿಗೊಮ್ಮೆ ಅದ್ದಿ, ಪಂಪ್ ಮನೆಯ ಗೋಡೆಗೆ ಸೀಮೆಸುಣ್ಣದಲ್ಲಿ ನದಿಗೊಂದು, ಬಾವಿಗೊಂದು ಗೆರೆ ಎಳೆದಳು, ಬಿಸಿ ಏರಿದರೆ ಉದ್ದ, ಇಳಿದರೆ ಗಿಡ್ಡ. ನದಿಗೆ ಇಳಿದ ಚಳಿ ಬಾವಿಗೆ ಬರಲು ಇಪ್ಪತ್ತೆರಡು ದಿನ. ಕೊಳೆ ದಾರಿಯಲ್ಲೇ ಮರಳಿಗೆ ಅಂಟಿಕೊಳ್ಳಲು, ರೋಗ ಸಾಯಲು ಅಷ್ಟು ದಿನ ಬೇಕಿತ್ತು.

"ನನ್ನ ಸೊಸೆ ಅತ್ತೆ ಹಣೆ ಮುಟ್ಟಿ ನೋಡಲ್ಲ, ಬಾವಿ ಕಂಕುಳಿಗೆ ಕಡ್ಡಿ ಇಡ್ತಾಳೆ," ಎಂದು ಅವಳ ಅತ್ತೆ ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದಳು.

ಆಮೇಲೆ ಮೇಲಿನಿಂದ ಆದೇಶ ಬಂತು: ಗುಡ್ಡದ ಬಂಗಲೆಗಳ ಈಜುಕೊಳಕ್ಕೆ ನೀರು ಸಾಲದು, ಎರಡನೇ ಪಂಪೂ ಓಡಲಿ. ಅವಳೇ ಗುಂಡಿ ಒತ್ತಿದಳು. ನೀರು ಭೋರ್ಗರೆದಾಗ ಹಿಗ್ಗಿದಳು ಕೂಡ. ಆದರೆ ಬಿಸಿಲು ಏರುತ್ತಿದ್ದಂತೆ ಗೋಡೆ ಬೇರೆ ಮಾತು ಹೇಳತೊಡಗಿತು. ನದಿಯ ಬಿಸಿ ಒಂಬತ್ತೇ ದಿನಕ್ಕೆ ಬಾವಿಗೆ ಬಂದಿತ್ತು. ನಡೆಯುತ್ತಿದ್ದ ನೀರು ಓಡುತ್ತಿತ್ತು. ಅವಳು ಎರಡನೇ ಪಂಪಿನ ಫ್ಯೂಸು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮಧ್ಯಾಹ್ನಕ್ಕೆ ಹೊಸ ಇಂಜಿನಿಯರು ಹಾಜರಾದರು. ಬಾವಿಯ ನೀರನ್ನು ಲೋಟದಲ್ಲಿ ಎತ್ತಿ ಹಿಡಿದರು.

"ಕನ್ನಡಿ ಥರ ಇದೆಯಲ್ರೀ."

"ರೋಗ ಕಣ್ಣಿಗೆ ಕಾಣುತ್ತಾ ಸಾರ್?"

"ಬ್ಲೀಚಿಂಗ್ ಪುಡಿ ಜಾಸ್ತಿ ಹಾಕಿದ್ರಾಯ್ತು."

"ಪುಡಿ ಬರೋದು ತಿಂಗಳಿಗೊಂದ್ಸಲ. ಬಾಯಾರಿಕೆ ದಿನಾ ಬರುತ್ತೆ. ಈಜೋರಿಗೆ ನೀರು ಬೇಕು ಅಂತ ಕುಡಿಯೋರು ಕಾಯಿಲೆ ಬೀಳಬೇಕಾ?"

"ಫ್ಯೂಸು ಕೊಡಿ. ಇಲ್ಲಾಂದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡಿ."

ಬುತ್ತಿ ತಂದು ಬಾಗಿಲಲ್ಲಿ ನಿಂತಿದ್ದ ಅತ್ತೆ ಬಾಯಿ ಹಾಕಿದಳು. "ಕೊಡಬೇಡ ಕಣೇ. ಕೆಲಸ ಹೋದ್ರೆ ಮನೇಲಿ ನನ್ನ ಜ್ವರ ನೋಡ್ಕೊಂಡಿರು. ಏನಪ್ಪಾ, ಅವಳ ಗೋಡೆ ಓದಿದೆಯಾ ನೀನು?"

ಇಂಜಿನಿಯರು ಗೋಡೆಯತ್ತ ತಿರುಗಿದರು. ಹಳೆಯ ಗೆರೆಗಳಲ್ಲಿ ನದಿ ತಣ್ಣಗಾದ ದಿನದಿಂದ ಬಾವಿ ತಣ್ಣಗಾದ ದಿನದವರೆಗೆ ಬೆರಳಿಟ್ಟು ಎಣಿಸಿದರು: ಇಪ್ಪತ್ತೆರಡು. ಹೊಸ ಗೆರೆಗಳಲ್ಲಿ, ನದಿ ಬಿಸಿಯಾದ ದಿನದಿಂದ: ಒಂಬತ್ತು. ಮತ್ತೆ ಎಣಿಸಿದರು. ಮೊಬೈಲ್ ರಿಂಗಾಯಿತು, ಬಂಗಲೆಯವರಿರಬೇಕು, ಎತ್ತಲಿಲ್ಲ. ಮೊಳೆಗೆ ನೇತುಹಾಕಿದ್ದ ಥರ್ಮಾಮೀಟರ್ ತೆಗೆದುಕೊಂಡು, ಪ್ಯಾಂಟು ಮಡಚಿ ನದಿಯ ಕಡೆ ಇಳಿದರು.

"ಎಷ್ಟು ಹೊತ್ತು ಮುಳುಗಿಸಿ ಹಿಡೀಬೇಕು?" ಕೆಳಗಿನಿಂದ ಕೂಗಿದರು.

"ನೂರು ಎಣಿಸಿ ಸಾರ್," ಎಂದಳು ಅವಳು, ಸೊಂಟದ ಫ್ಯೂಸನ್ನು ಒಮ್ಮೆ ಮುಟ್ಟಿ ನೋಡಿಕೊಂಡು. "ಅವಸರ ಮಾಡಿದ್ರೆ ಸುಳ್ಳು ಹೇಳುತ್ತೆ."