ಮೊರಿಯಾ ಸಾನ್ ಅವರ ಟೈಮರ್

ಜಪಾನಿನ ಸೆಂಡಾಯ್‌ನ ಆ ಬೀದಿಯಲ್ಲಿ ಸುಡಬಹುದಾದ ಕಸವನ್ನು ಗುರುವಾರ ಬೆಳಿಗ್ಗೆ ಎಂಟೂವರೆಯೊಳಗೆ, ಕಾಗೆ ಕೆದಕದಂತೆ ಹಾಸಿದ ಬಲೆಯಡಿ ಇಡಬೇಕು. ತಪ್ಪಿದರೆ ಸೋಮವಾರದ ತನಕ ಚೀಲ ಮನೆಯಲ್ಲೇ. ಹೃಷಿಕೇಶನ ದಹನವಾದದ್ದು ಬುಧವಾರ. ಗುರುವಾರ ಬೆಳಿಗ್ಗೆ ಅಪೂರ್ವ ಎದ್ದು, ಹಲ್ಲುಜ್ಜಿ, ಗಂಡನ ಸಾವಿಗೆ ಬಂದವರು ಬಿಟ್ಟುಹೋದ ಕಾಗದದ ತಟ್ಟೆಗಳನ್ನೆಲ್ಲ ಚೀಲಕ್ಕೆ ತುಂಬಿದಳು.

ಬಾಯಿ ಕಟ್ಟುವಾಗ ಫೋನು ಬಂತು. ಅವನ ಲ್ಯಾಬಿನ ತಂತ್ರಜ್ಞೆ ಮೊರಿಯಾ ಸಾನ್. ಮೂರು ಸಲ ಸುಮಿಮಾಸೆನ್, ಕ್ಷಮಿಸಿ ಎಂದು ಹೇಳಿಕೊಂಡ ಮೇಲೆ ವಿಷಯಕ್ಕೆ ಬಂದರು.

ರಕ್ತದ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಕೆಲವರದು ಮಾಮೂಲಿ ಔಷಧಿಗೆ ಬಗ್ಗದ ಬಗೆ. ಜೀನ್ ನೋಡಿಯೇ ಅದನ್ನು ಗುರುತಿಸಬೇಕು. ಗುರುತು ಸಿಕ್ಕರೆ ಕೆಲವರಿಗೆ ಒಂದು ಮಾತ್ರೆ ಸೇರಿಸಿ ಉಳಿಸಿಕೊಳ್ಳುವ ದಾರಿಯಿದೆ. ಎಲ್ಲ ಜೀನ್‌ಗಳನ್ನೂ ಓದುವ ದೊಡ್ಡ ಪರೀಕ್ಷೆ ಬಡವರ ಕೈಗೆ ಎಟುಕುವುದಿಲ್ಲ. ಸಾಧಾರಣ ಪಿಸಿಆರ್ ಯಂತ್ರದಲ್ಲೇ, ಎರಡು ಸಾವಿರ ರೂಪಾಯಿಯೊಳಗೆ ಅದನ್ನು ಮಾಡಿ ತೋರಿಸಲು ಹೃಷಿಕೇಶ ನಾಲ್ಕು ವರ್ಷ ಹೆಣಗಿದ್ದ. ಮೈಸೂರಿನ ಡಾಕ್ಟರ್ ವೇದವಲ್ಲಿ ಕಳಿಸಿದ ಇಪ್ಪತ್ನಾಲ್ಕು ಮಾದರಿಗಳನ್ನು ಸಿದ್ಧಮಾಡಿ, ಪುಟ್ಟ ಕೊಳವೆಗಳಲ್ಲಿ ತುಂಬಿ ಫ್ರೀಜರಿನಲ್ಲಿಟ್ಟಿದ್ದ. ಒಂದು ಮಾದರಿ ಒಂಬತ್ತು ವರ್ಷದ ಹುಡುಗಿಯದು. ಸೋಮವಾರ ಅವಳ ಮುಂದಿನ ಸುತ್ತಿನ ಚಿಕಿತ್ಸೆ ಶುರು. ಮಾತ್ರೆ ಸೇರಿಸಬೇಕೋ ಬೇಡವೋ, ಅಷ್ಟರೊಳಗೆ ತಿಳಿಯಬೇಕು.

"ಕೊಳವೆಗಳ ಮೇಲಿನ ಅಂಕಿ ನಮಗೆ ಓದಲು ಬರುತ್ತಿಲ್ಲ" ಎಂದರು ಮೊರಿಯಾ ಸಾನ್.

ಒಮ್ಮೆ ಲ್ಯಾಬಿನಲ್ಲಿ ಯಾರೋ ಹೃಷಿಕೇಶನ ಹದಿಮೂರನೇ ಕೊಳವೆಯನ್ನು ತಮ್ಮದೆಂದು ತೆಗೆದು ಬಳಸಿಬಿಟ್ಟಿದ್ದರು. ಅಂದಿನಿಂದ ಅವನು ಮುಚ್ಚಳಗಳ ಮೇಲೆ ಕನ್ನಡ ಅಂಕಿ ಬರೆಯುತ್ತಿದ್ದ. "ಇನ್ನು ಯಾವನೂ ಮುಟ್ಟಲ್ಲ ನೋಡು" ಎಂದು ಮನೆಗೆ ಬಂದು ನಕ್ಕಿದ್ದ.

"ಫೋನಿನ ಕ್ಯಾಮೆರಾ ಹಿಡಿದು ಓದಿಸಿದೆವು" ಎಂದರು ಮೊರಿಯಾ ಸಾನ್. "ಒಂದೇ ಮುಚ್ಚಳವನ್ನು ಎರಡು ಸಲ ಎರಡು ತರಹ ಹೇಳುತ್ತದೆ. ಮೂಲ ಮಾದರಿ ಉಳಿದಿಲ್ಲ. ಇಂಥ ಹೊತ್ತಿನಲ್ಲಿ ನಿಮ್ಮನ್ನು..."

"ಬರುತ್ತೇನೆ" ಎಂದಳು.

ಯೋಕೋಹಾಮಾದಿಂದ ಬಂದಿದ್ದ ಮೈದುನ ಮಧುಕರ್ ಹಾಸಿಗೆಯಲ್ಲೇ ಎದ್ದು ಕೂತ. "ಅತ್ತಿಗೆ, ಸೂತಕ. ಅಮ್ಮ ಫೋನ್ ಮಾಡಿದ್ರೆ ಏನ್ ಹೇಳ್ಲಿ?"

"ಕಸ ಹಾಕೋಕೆ ಹೋಗಿದ್ದಾರೆ ಅನ್ನು."

"ಮಧ್ಯಾಹ್ನದ ತನಕಾನಾ?"

"ಇದು ಜಪಾನು. ಕಸ ವಿಂಗಡಿಸೋಕೆ ಟೈಮ್ ಹಿಡಿಯುತ್ತೆ ಅನ್ನು."

ಮಧುಕರ್ ನಗಬಹುದೋ ಇಲ್ಲವೋ ತಿಳಿಯದೆ ಅವಳ ಮುಖ ನೋಡಿದ.

ಆಸ್ಪತ್ರೆಯವರು ಮಡಿಸಿಕೊಟ್ಟಿದ್ದ ಹೃಷಿಕೇಶನ ಲ್ಯಾಬ್ ಕೋಟಿನ ಜೇಬಿನಲ್ಲಿ ಬಿಳಿ ಟೈಮರ್ ಒಂದಿತ್ತು. ಅಡುಗೆಮನೆಯಲ್ಲಿ ಇಡುವಂಥದು; ಲ್ಯಾಬಿನಲ್ಲೂ ಅದೇ. ಹಿಂಬದಿಯ ಟೇಪಿನ ಮೇಲೆ ಮೊರಿಯಾ ಸಾನ್ ಹೆಸರು. ವಾಪಸು ಕೊಡಬೇಕು, ಕೊಡಬೇಕು ಎಂದು ಅವನು ತಿಂಗಳಿಂದ ಹೇಳುತ್ತಿದ್ದ. ಲ್ಯಾಬಿನ ಕಾರಿಡಾರಿನಲ್ಲಿ ಮಿದುಳಿನ ರಕ್ತನಾಳ ಒಡೆದು ಬಿದ್ದಾಗಲೂ ಅದು ಜೇಬಿನಲ್ಲಿತ್ತು. ಇನ್ನೂ ಮೂರು ನಿಮಿಷ ಹದಿನೆಂಟು ಸೆಕೆಂಡು ಉಳಿದಿರುವಂತೆ ನಿಂತಿತ್ತು. ನಿಲ್ಲಿಸಿದ್ದು ಅವನೋ, ಸ್ಟ್ರೆಚರಿನವರೋ, ಅವಳಿಗೆ ಗೊತ್ತಿಲ್ಲ. ಅದನ್ನು ಕೈಚೀಲಕ್ಕೆ ಹಾಕಿಕೊಂಡಳು. ದಾರಿಯ ಕೊಂಬಿನಿ ಅಂಗಡಿಯಲ್ಲಿ ಒಂದು ಪೊಟ್ಟಣ ಬಿಸ್ಕತ್ತು ಕೊಂಡಳು. ಎರವಲು ತಂದ ಪಾತ್ರೆಯನ್ನು ಅವಳತ್ತೆ ಎಂದೂ ಬರಿದಾಗಿ ಹಿಂದಿರುಗಿಸಿದವರಲ್ಲ.

ಲ್ಯಾಬಿನಲ್ಲಿ ಕೊಳವೆಗಳು ಮಂಜುಗಡ್ಡೆಯ ಮೇಲಿದ್ದವು. ಮೊರಿಯಾ ಸಾನ್ ಅವಳಿಗೆ ಕೈಗವಸು ಕೊಟ್ಟರು. "ಬೆರಳು ತೋರಿಸಿ, ಗಟ್ಟಿಯಾಗಿ ಹೇಳಬೇಕು. ರೈಲು ಓಡಿಸುವವರ ಹಾಗೆ. ಇಲ್ಲಿನ ಪದ್ಧತಿ. ನಾನೂ ತೋರಿಸಿ, ತಿರುಗಿ ಹೇಳಿ, ಬರೆದುಕೊಳ್ಳುತ್ತೇನೆ."

ಮೊದಲೆರಡಕ್ಕೆ ನಾಚಿಕೆಯಾಯಿತು. ಆಮೇಲೆ ಸಲೀಸಾಯಿತು. ಎಂಟು ವರ್ಷ ದಿನಸಿ ಚೀಟಿಗಳಲ್ಲಿ ಓದಿದ ಕೈಬರಹ ಅದು. ಒಂದು ಮುಚ್ಚಳದಲ್ಲಿ ಮಾತ್ರ ಶಾಯಿ ಕಲಸಿಹೋಗಿತ್ತು. ದೀಪದಡಿ ಹಿಡಿದು ನೋಡಿದಳು.

"ಗೊತ್ತಾಗುವುದಿಲ್ಲ" ಎಂದಳು.

ಮೊರಿಯಾ ಸಾನ್ ಅದನ್ನು ಪಕ್ಕಕ್ಕಿಟ್ಟರು. ಉಳಿದ ಇಪ್ಪತ್ಮೂರು ಮುಗಿದಾಗ ಪಟ್ಟಿಯಲ್ಲಿ ಖಾಲಿ ಉಳಿದದ್ದು ಹದಿನೇಳು. ನೋಟ್‌ಬುಕ್ ತೆರೆದರು. ಹದಿನೇಳು ಆ ಹುಡುಗಿಯದೇ.

ಅಪೂರ್ವ ಸಂಖ್ಯಾಶಾಸ್ತ್ರ ಓದಿದವಳು. ಇಪ್ಪತ್ಮೂರರಲ್ಲಿ ಒಂದನ್ನು ತಪ್ಪು ಓದಿದ್ದರೂ ಇದು ಹದಿನೇಳಲ್ಲ. ಬೇರೆ ಯಾರದೋ ರಕ್ತ ನೋಡಿ ಹುಡುಗಿಗೆ ಮಾತ್ರೆ ಕೊಟ್ಟಂತೆ, ಇಲ್ಲವೇ ತಪ್ಪಿಸಿದಂತೆ.

"ಇನ್ನೊಮ್ಮೆ ಓದೋಣ. ಈ ಸಲ ಹಿಂದಿನಿಂದ. ಹಳೆಯ ಪಟ್ಟಿ ನನಗೆ ತೋರಿಸಬೇಡಿ" ಎಂದಳು.

ಓದಿದರು. ಎರಡು ಪಟ್ಟಿಗಳನ್ನು ಮೊರಿಯಾ ಸಾನ್ ಸಾಲು ಸಾಲಾಗಿ ಬೆರಳಿಟ್ಟು ಹೋಲಿಸಿದರು. ಒಂದೂ ಬದಲಾಗಿರಲಿಲ್ಲ.

ಯಂತ್ರಕ್ಕೆ ಎರಡು ಗಂಟೆ ಬೇಕಾಯಿತು. ಪರದೆಯಲ್ಲಿ, ಹೋಲಿಕೆಗೆಂದು ಬರೀ ನೀರು ಹಾಕಿದ ಕೊಳವೆಯ ಗೆರೆ ಮಲಗಿಯೇ ಇತ್ತು. ಹದಿನೇಳನ್ನು ಎರಡು ಕಡೆ ಹಾಕಿದ್ದರು. ಎರಡೂ ಗೆರೆ ಒಟ್ಟೊಟ್ಟಿಗೆ ಮೇಲೆದ್ದವು.

ಮೈಸೂರಿಗೆ ಫೋನ್ ಮಾಡಿದಳು. "ಹದಿನೇಳು ಪಾಸಿಟಿವ್ ಮೇಡಂ. ಎರಡು ಸಲ ಹಾಕಿದ್ರಲ್ಲೂ. ಮುಚ್ಚಳದ ಅಂಕಿ ಅಳಿಸಿತ್ತು, ಉಳಿದಿದ್ದನ್ನೆಲ್ಲ ಓದಿ ಲೆಕ್ಕ ಹಿಡಿದಿದ್ದೀವಿ. ಅದನ್ನೂ ಬರೆದು ಕಳಿಸ್ತೀನಿ."

"ಹೇಳಿದ್ದು ಒಳ್ಳೇದಾಯ್ತು. ಎಲ್ಲಾ ಜೀನ್ ಹುಡುಕೋದು ಇಲ್ಲಿ ಆಗಲ್ಲ, ಯಾವುದು ಅಂತ ಗೊತ್ತಾದ್ಮೇಲೆ ಆ ಒಂದನ್ನ ಹೊಸ ರಕ್ತದಲ್ಲಿ ಇಲ್ಲೇ ನೋಡ್ಬೋದು. ಇವತ್ತೇ ತೆಗೆಸ್ತೀನಿ, ಸೋಮವಾರಕ್ಕೆ ಆಗುತ್ತೆ." ವೇದವಲ್ಲಿ ಮಾತು ಬದಲಿಸಿದರು. "ಊಟ ಮಾಡಿದ್ಯೇನಮ್ಮಾ?"

"ಇಲ್ಲ."

"ಮಾಡು ಹೋಗು."

ಅಪೂರ್ವ ಚೀಲದಿಂದ ಟೈಮರ್ ತೆಗೆದಳು. ಮೊರಿಯಾ ಸಾನ್ ಅದರ ಮೇಲಿನ ಅಂಕಿ ನೋಡಿ ಕೈ ಹಿಂದೆಗೆದರು. "ಬೇಡ, ನೀವೇ ಇಟ್ಟುಕೊಳ್ಳಿ."

"ವಾಪಸು ಕೊಡಬೇಕು ಅಂತಿದ್ದರು."

ಎರಡು ಗುಂಡಿಗಳನ್ನೂ ಒಟ್ಟಿಗೆ ಒತ್ತಿದಳು. ಎಲ್ಲ ಸೊನ್ನೆಯಾಯಿತು. ಬಿಸ್ಕತ್ತಿನ ಪೊಟ್ಟಣದ ಮೇಲಿಟ್ಟು, ಎರಡು ಕೈಯಲ್ಲೂ ಹಿಡಿದು ಕೊಟ್ಟಳು.