ಬೇಲಕ್ಕೆ ಬೇಲ್ ಇಲ್ಲ

ಬೇಲದ ಕಾಯಿಯನ್ನು ಅಜ್ಜಿ ಭೇದಿಗೆ ಕೊಡುತ್ತಿದ್ದಳು, ಹಣ್ಣನ್ನು ಗಂಟಲುನೋವಿಗೆ. ಊರಿನ ಮಿಕ್ಕವರು ಅದನ್ನು ಕಾಲಲ್ಲಿ ಒದ್ದು ಮುಂದೆ ಹೋಗುತ್ತಿದ್ದರು. ಔಷಧಿ ಕಂಪನಿಗೆ ಮಾರಬಹುದಲ್ಲ ಎಂದು ಅಕ್ಕನಿಗೆ ಹೊಳೆಯಿತು. ಹೊಲಿಗೆ ಅಂಗಡಿ ಮುಚ್ಚಿ, ಮಷೀನು ಮಾರಿ, ಮರಗಳನ್ನು ಗುತ್ತಿಗೆ ಹಿಡಿದಳು. ಒಣಗಿಸಲು ತಗಡಿನ ಶೆಡ್ಡು ಹಾಕಿಸಿದಳು. ಮರ ಕಾಯಲು ತಮ್ಮನನ್ನು ಬಿಟ್ಟು, ಬೇಕಾದ್ದು ಕಾಯೋ ಹಣ್ಣೋ ಎಂದು ಕಂಪನಿಯನ್ನೇ ಕೇಳಲು ಪಟ್ಟಣಕ್ಕೆ ಹೊರಟಳು.

ತಮ್ಮನೋ, ಮಾತು ಸಿಕ್ಕರೆ ಸೀಳಿ ಎರಡು ಮಾಡುವವನು. ಬಸ್ಸಿನ ಬಾಗಿಲಲ್ಲೇ, ಕಂಡೇ ಇರದ ಕಂಪನಿ ಮ್ಯಾನೇಜರನ ಮೂಗಿನ ದನಿ ತೆಗೆದು, "ನೋಡಮ್ಮಾ, ನಿನ್ನ ಬೇಲಕ್ಕೆ ಬೇಲ್ ಇಲ್ಲ, ಒಳಗೇ ಇರ್ಲಿ" ಎಂದ.

"ಬಾಯಿಗೆ ಬೀಗ ಹಾಕ್ಕೋ. ಇದರಲ್ಲೂ ಕೀಟಲೆ ಮಾಡಿದ್ಯೋ, ಗ್ರಹಚಾರ ಬಿಡಿಸ್ತೀನಿ."

ಎರಡು ದಿನ ಬಿಟ್ಟು ಅವನು ಮೆಸೇಜು ಹಾಕಿದ: "ಏನಂತೆ? ಈಗಲೇ ಕೊಯ್ಯಲಾ?"

ಬಂದದ್ದು ಒಂದೇ ಪದ: "ಕಾಯಿ."

"ಆಗಲಿ ಅಕ್ಕ" ಎಂದು ಬರೆದು, ಕಾದ. ಕಾಯಲು ಹೇಳಿದ್ದಾಳೆಂದರೆ ಅವರಿಗೆ ಬೇಕಾದ್ದು ಹಣ್ಣೇ. ಅತ್ತ ಅಕ್ಕ, ಇವನು ಕೊಯ್ದು ಒಣಗಿಸುತ್ತಿದ್ದಾನೆಂದು ನಂಬಿ, ಕಂಪನಿಗೆ ಕೊಟ್ಟ ಮಾದರಿಯ ಲ್ಯಾಬ್ ವರದಿಗಾಗಿ ಪಟ್ಟಣದಲ್ಲೇ ವಾರಗಟ್ಟಲೆ ಕೂತಿದ್ದಳು. ಇತ್ತ ಕಾಯಿ ಹಣ್ಣಾಗುವಷ್ಟರಲ್ಲಿ ಬಿಸಿಲಿಗೆ ಇವನೇ ಹಣ್ಣಾದ. ಆಮೇಲೆ ಕೊಯ್ದು ಶೆಡ್ಡು ತುಂಬಿಸಿದ.

ಅಕ್ಕ ಬಂದವಳು ವಾಸನೆಗೆ ಬಾಗಿಲಲ್ಲೇ ನಿಂತಳು. ರಾಶಿಯಿಂದ ಒಂದನ್ನೆತ್ತಿ ಸಿಮೆಂಟು ನೆಲಕ್ಕೆ ಬಿಟ್ಟಳು. ಕಾಯಾಗಿದ್ದರೆ ಚೆಂಡಿನಂತೆ ಪುಟಿಯಬೇಕಿತ್ತು. ದೊಪ್ಪನೆ ಕೂತಿತು. ಇನ್ನೊಂದೂ ಕೂತಿತು.

"ಎಲ್ಲಾ ಹಣ್ಣು ಮಾಡಿಟ್ಟಿದ್ದೀಯಲ್ಲೋ."

"ನೀನೇ ಕಾಯಿ ಅಂದ್ಯಲ್ಲಕ್ಕ. ಕಾದೆ."

ಅವಳು ಫೋನು ತೆಗೆದು, ತಾನು ಕಳಿಸಿದ್ದ ಆ ಒಂದೇ ಪದವನ್ನು ಮತ್ತೆ ಓದಿದಳು. "ಯಾವ ಕಾಯಿ ಅಂತ ಒಂದ್ಮಾತು ಕೇಳ್ಬಾರ್ದಿತ್ತಾ?"

"ಕೇಳಿದ್ರೆ ಕೀಟಲೆ ಅಂತ ಬೈತಿದ್ದೆ."

ಅವಳು ಮ್ಯಾನೇಜರಿಗೆ ಫೋನು ಮಾಡಿದಳು. ನಿಜವಾದ ದನಿ ಮೆತ್ತಗಿತ್ತು, ಮರ್ಯಾದೆಯದು. "ಹಣ್ಣು ಹೊಟ್ಟೆ ಸಡಿಲ ಮಾಡುತ್ತಮ್ಮ. ನಮ್ಮದು ಭೇದಿ ಕಟ್ಟೋ ಮಾತ್ರೆ."

"ಮುಂದಿನ ಫಸಲಿಗೆ ಕಾಯೇ ಕೊಡ್ತೀವಿ ಸಾರ್."

"ಅಲ್ಲೀವರೆಗೆ ಮಾತ್ರೆ ನಿಲ್ಸೋಕಾಗಲ್ವಲ್ಲ. ದಾಳಿಂಬೆ ಸಿಪ್ಪೇನೂ ಭೇದಿ ಕಟ್ಟುತ್ತೆ, ಅದನ್ನ ಕೊಡೋರಿಗೆ ಹೇಳ್ಬಿಡ್ತೀನಿ, ಅವರು ವರ್ಷಪೂರ್ತಿ ಕೊಡ್ತಾರೆ. ಬೇಜಾರು ಮಾಡ್ಕೋಬೇಡಿ."

"ಗಂಟಲಿಗೆ ಅಂತ ಹಣ್ಣನ್ನೇ ಮಾರೋಣ ಅಕ್ಕ" ಎಂದ ತಮ್ಮ.

"ಯಾರಿಗೆ?"



ಮರುದಿನ ಅಕ್ಕ ತನ್ನ ಮಷೀನು ಕೊಂಡವಳ ಅಂಗಡಿಗೆ ಹೋಗಿ, ಗುಂಡಿ ಹೊಲಿಯುವ ಕೆಲಸವಾದರೂ ಇದೆಯೇ ಎಂದು ಕೇಳಿದಳು. ತಮ್ಮ ಮೆಟ್ಟಿಲಲ್ಲಿ ನಿಂತಿದ್ದ. ಅಂಗಡಿಯವಳು ಬೆಂಚಿನಲ್ಲಿ ಜಾಗ ಮಾಡಿಕೊಟ್ಟು ಮೂಗು ಮುರಿದಳು.

"ಮೊದ್ಲು ಕೈ ತೊಳ್ಕೊಂಡು ಬಾಮ್ಮ, ಬಟ್ಟೆಗೆಲ್ಲಾ ವಾಸನೆ ಹತ್ತುತ್ತೆ."