ಆಚೆ ದಂಡೆಯ ಕೇಳುಗರು

ದೇವಾನಂದ ಮತ್ತೊಮ್ಮೆ ತಮ್ಮನ ನಂಬರು ಒತ್ತಿ ಫೋನನ್ನು ಕಿವಿಗೆ ಹಿಡಿದ. ಸ್ವಿಚ್ ಆಫ್ ಆಗಿದೆ ಎನ್ನುವ ಅದೇ ಹೆಣ್ಣುದನಿ. ಅಂಗಳದಲ್ಲಿ ಹೆಣ ಕೂರಿಸಿ ಹೊರುವ ವಿಮಾನ ಕಟ್ಟಲು ಬಿದಿರು ಸೀಳುತ್ತಿದ್ದವರು ಕೈ ತಡೆದು ಅವನ ಮುಖ ನೋಡಿದರು. ಇಲ್ಲವೆಂದು ತಲೆಯಾಡಿಸಿದ. ಅವರು ಮತ್ತೆ ಕೆಲಸಕ್ಕೆ ಬಾಗಿದರು.

ಪಡಸಾಲೆಯಲ್ಲಿ ಅವನ ತಾಯಿ ಜಗದೇವಿಯನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಸೇವಂತಿಗೆ ಸರ, ಮೈಮೇಲೆ ಹಸಿರು ಇಳಕಲ್ ಸೀರೆ. ನಸುಕಿನಲ್ಲಿ ಒಲೆ ಹೊತ್ತಿಸಿ ಜೋಳದ ಹಿಟ್ಟಿಗೆ ಬಿಸಿನೀರು ಹಾಕಿದವಳು ಎದೆ ಹಿಡಿದುಕೊಂಡು ಪಕ್ಕಕ್ಕೆ ವಾಲಿದ್ದಳು. ಸೊಸೆ ಭಾಗ್ಯ ಓಡಿಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಈಗ ಅವಳ ಮುಂದೆ ಭಜನೆಯವರು ತಾಳ ಹಾಕುತ್ತಿದ್ದರು.

“ವಾಡಿ ಫ್ಯಾಕ್ಟರ್ಯಾಗ ಏನಂದ್ರು?” ಜಗದೇವಿಯ ಗಂಡ ಕಾಶಪ್ಪ ಕಂಬಕ್ಕೆ ಒರಗಿ ಕೂತಲ್ಲಿಂದಲೇ ಕೇಳಿದ.

“ಅರುಣ ಸಿಮೆಂಟ್ ಹೇರಕೊಂಡು ಲಾರಿ ಬಿಟ್ಟಾನಂತ, ಅಪ್ಪಾ. ಸೇಡಂ ಮ್ಯಾಲ ಚಿಂಚೋಳಿ, ಅಲ್ಲಿಂದ ತೆಲಂಗಾಣಕ್ಕ. ಫೋನ್ ಮೊನ್ನೆ ಮಳ್ಯಾಗ ಬಿದ್ದು ಕೆಟ್ಟದಂತ. ಅವಂಗ ಹೆಂಗ ತಿಳಸೂದು?”

“ತಿಳದರೂ ಹೆಂಗ ಬರ್ತಾನ?” ಎಂದಳು ನೆರೆಮನೆಯ ಭೀಮಮ್ಮ. “ಬ್ರಿಜ್ ಮ್ಯಾಲ ನೀರು ಹೊಂಟಾವ.”

ಮೇಲೆ ಎಲ್ಲೋ ಸುರಿದ ಮಳೆಗೆ ಕಾಗಿಣಾ ತುಂಬಿ ಬಂದಿತ್ತು. ದಂಡೋತಿಯಿಂದ ಚಿತ್ತಾಪುರಕ್ಕೆ ಹೋಗುವ ಸೇತುವೆ ಹಿಂದಿನ ದಿನವೇ ಮುಳುಗಿ, ಪೊಲೀಸರು ರಸ್ತೆಗೆ ಅಡ್ಡಲಾಗಿ ಜಾಲಿಮುಳ್ಳು ಎಳೆದಿದ್ದರು.

“ಹೊತ್ತು ಮುಣಗೂದರೊಳಗ ಮಣ್ಣಿಗೆ ಆಗಬೇಕು, ಕಾಶಪ್ಪ,” ಎಂದರು ಮಠದ ಅಯ್ಯನವರು ಮೆಲ್ಲಗೆ. “ಸಣ್ಣ ಮಗನ ಸಲುವಾಗಿ ಎಷ್ಟು ಕಾಯಬೇಕಂತ ನೀನೇ ಹೇಳು.”

ಭಾಗ್ಯ ಅಡುಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗೊತ್ತಿ ನಿಂತಿದ್ದಳು.

“ರೇಡಿಯೋಕ್ಕ ಒಂದು ಫೋನ್ ಹಚ್ಚರಿ,” ಎಂದಳು ಗಂಡನಿಗೆ. “ಅತ್ತಿ ದಿನಾ ಮಾತಾಡ್ತಿದ್ರಲ್ಲ, ಆ ಚಿತ್ತಾಪುರದ ರೇಡಿಯೋಕ್ಕ.”

“ಸತ್ತ ಮನ್ಯಾಗ ರೇಡಿಯೋ ಏನು?” ಎಂದ ದೇವಾನಂದ.

ಭಾಗ್ಯ ಕದಲದೆ ಅಲ್ಲೇ ನಿಂತಳು.

*

ಜಗದೇವಿ ರೊಟ್ಟಿ ಬಡಿದು ಮಾರುವವಳು. ಬುಟ್ಟಿ ಹೊತ್ತು ಬೆಳಗಿನ ಬಸ್ಸಿಗೆ ಚಿತ್ತಾಪುರ, ರಾವೂರ, ವಾಡಿ, ಕೆಲವೊಮ್ಮೆ ರೈಲು ಹಿಡಿದು ನಾಲವಾರದವರೆಗೂ ಹೋಗುತ್ತಿದ್ದಳು. ಓದು ಬರಹ ಬಾರದು. ಒಲೆಯ ಮೇಲಿನ ಗೂಡಿನಲ್ಲಿ, ಹೊಗೆಗೆ ಕಪ್ಪಾದ ಒಂದು ಸಣ್ಣ ರೇಡಿಯೋ ಇತ್ತು. ಅವಳು ಎದ್ದ ಮೇಲೆ ಮನೆಯಲ್ಲಿ ಮೊದಲು ಏಳುತ್ತಿದ್ದದ್ದು ಅದು.

ಚಿತ್ತಾಪುರದ ಕಿರಾಣಿ ಅಂಗಡಿಯೊಂದರ ಮಾಳಿಗೆಯ ಎರಡು ಕೋಣೆಗಳಲ್ಲಿ ಕೆಲವು ಮಾಸ್ತರರು ಸೇರಿ ಕಾಗಿಣಾ ಬಾನುಲಿ ಎಂಬ ಕೇಂದ್ರ ನಡೆಸುತ್ತಿದ್ದರು. ಸುತ್ತಲ ಊರುಗಳಿಗಷ್ಟೇ ಕೇಳುವ ರೇಡಿಯೋ ಅದು. ತೊಗರಿಯ ಧಾರಣೆ, ಮಳೆಯ ಸುದ್ದಿ, ಕಳೆದುಹೋದ ಎಮ್ಮೆ, ಆಸ್ಪತ್ರೆಗೆ ಕಣ್ಣಿನ ಡಾಕ್ಟರು ಬರುವ ದಿನ, ನಡುನಡುವೆ ಊರೂರ ಭಜನೆಯವರ ಪದ. ಬೆಳಗಿನ ಹೊತ್ತು ಪ್ರಮಿತಾ ಎಂಬಾಕೆ ಕೇಳುಗರ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಜಗದೇವಿ ಮೊದಲ ಸಲ ಫೋನು ಮಾಡಿದ್ದು ಆಗಲೇ.

“ನಾ ದಂಡೋತಿ ಜಗದೇವಿ, ಯವ್ವಾ. ಹಾಡು ಗೀಡು ಏನೂ ಬ್ಯಾಡ. ನಿನ್ನ ದನಿ ನಿನ್ನಿಯಿಂದ ಕಟ್ಟಿಕೊಂಡದ. ಮೆಣಸು ಬೆಲ್ಲ ಕುದಿಸಿ ಕುಡಿ. ಅಷ್ಟು ಹೇಳಾಕ ಹಚ್ಚಿದೆ.”

ಪ್ರಮಿತಾ ನಕ್ಕಳು. “ಕುಡೀತೀನಿ ಅವ್ವಾ. ನಿಮ್ಮ ಹಿಂದ ಅದೇನು ಸಪ್ಪಳ?”

“ರೊಟ್ಟಿ ಬಡ್ಯಾಕತ್ತೀನಿ. ಫೋನ್ ಭುಜಕ್ಕ ಸಿಗಿಸೀನಿ. ಬಸ್ಸು ನನಗ ಕಾಯ್ತದೇನು?”

ಆಮೇಲೆ ಅದು ರೂಢಿಯಾಯಿತು. ಬುಟ್ಟಿ ಹೊತ್ತು ತಿರುಗುವಾಗ ಕೇಳಿದ್ದನ್ನೆಲ್ಲ ಮರುದಿನ ರೇಡಿಯೋದಲ್ಲಿ ಹೇಳುತ್ತಿದ್ದಳು. ರಾವೂರಿನ ಫರ್ಸಿ ಕಲ್ಲಿನ ಖಣಿಯ ಕೂಲಿಯವರಿಗೆ ಕುಡಿಯುವ ನೀರಿಲ್ಲ. ನಾಲವಾರದ ಕುರುಬರ ಹುಡುಗಿ ನರ್ಸ್ ಪರೀಕ್ಷೆ ಪಾಸಾಗಿದ್ದಾಳೆ, ಎಲ್ಲರೂ ಹರಸಿರಿ. ಹಳ್ಳದ ಹತ್ತಿರ ಕರೆಂಟಿನ ತಂತಿ ಜೋತುಬಿದ್ದಿದೆ, ದನ ಬಿಡಬೇಡಿ. ಮಾತಿನ ಹಿಂದೆ ಆ ರೊಟ್ಟಿಯ ಸಪ್ಪಳ. ಹೊಸ ಓಣಿಯಲ್ಲಿ “ರೊಟ್ಟಿ ಬೇಕೇನ್ರೀ” ಎಂದು ಕೂಗಿದರೆ ಸಾಕು, ಹೆಂಗಸರು ಬಾಗಿಲಿಗೆ ಬಂದು “ನೀವು ರೇಡಿಯೋದ ಜಗದೇವಿ ಅಲ್ಲೇನು?” ಎಂದು ಕೇಳಿ, ಒಳಗೆ ಕರೆದು ಕೂರಿಸಿ ಚಹಾ ಕೊಡುತ್ತಿದ್ದರು.

ಮನೆಯಲ್ಲಿ ಅವಳು ಈ ಆದರವನ್ನು ಹೇಳಿಕೊಂಡವಳಲ್ಲ. ಶಹಾಬಾದಿನ ಕಲ್ಲು ಪಾಲಿಶ್ ಕಾರ್ಖಾನೆಗೆ ಹೊರಡುವ ಗಡಿಬಿಡಿಯಲ್ಲಿ ದೇವಾನಂದ, “ಅವ್ವಾ, ಆ ರೇಡಿಯೋ ಜರ ಸಣ್ಣ ಮಾಡು,” ಎಂದಷ್ಟೇ ಹೇಳುತ್ತಿದ್ದ. ಅವಳು ಸಣ್ಣ ಮಾಡುತ್ತಿದ್ದಳು.

*

ಕೊನೆಗೆ ದೇವಾನಂದ ಬಾನುಲಿಗೆ ಫೋನು ಹಚ್ಚಿ ಪ್ರಮಿತಾಳಿಗೆ ಸುದ್ದಿ ಹೇಳಿದ.

“ಇವತ್ತು ಯಾಕ ಫೋನ್ ಬರಲಿಲ್ಲಂತ ನೋಡ್ತಾ ಇದ್ದೆ,” ಎಂದಳು ಅವಳು. ಆಮೇಲೆ ದನಿ ಗಟ್ಟಿ ಮಾಡಿಕೊಂಡು, “ದೇವಾನಂದ ಅವರೇ, ನೀವೇ ಹೇಳ್ರಿ. ನಿಮ್ಮ ದನಿ ಕೇಳಿದ್ರ ತಮ್ಮಗ ಖಾತ್ರಿ ಆಗ್ತದ. ಹಾಡು ನಿಲ್ಲಸ್ತೀನಿ. ಸೇಡಂ ದಾಟಿದ ಮ್ಯಾಲ ನಮ್ಮ ರೇಡಿಯೋ ಹಿಡಿಯೂದಿಲ್ಲ, ತಡ ಮಾಡಬ್ಯಾಡ್ರಿ,” ಎಂದಳು.

ಭಾಗ್ಯ ರೇಡಿಯೋವನ್ನು ಗೂಡಿನಿಂದ ಇಳಿಸಿ ತಂದು ಪಡಸಾಲೆಯಲ್ಲಿ ಅತ್ತೆಯ ಪಕ್ಕ ಇಟ್ಟಳು. ಅಯ್ಯನವರು ಕೈ ಎತ್ತಿದರು, ತಾಳ ನಿಂತಿತು. ಅಂಗಳದಲ್ಲಿ ನಿಂತಿದ್ದ ದೇವಾನಂದ ಬಾಯಿ ತೆರೆದ.

“ನಾ ದಂಡೋತಿ ಜಗದೇವಿ ಮಗ…”

ಅವನ ದನಿ ಒಳಗಿನಿಂದ, ತಾಯಿಯ ಪಕ್ಕದಿಂದ ಅವನಿಗೇ ಕೇಳಿಸಿತು. ನಾಲಗೆ ತೊಡರಿತು. ಕಣ್ಣು ಮುಚ್ಚಿಕೊಂಡು ಮುಂದುವರಿಸಿದ. “ನಮ್ಮವ್ವ ಇವತ್ತು ನಸಿಕಿನ್ಯಾಗ ತೀರಿಕೊಂಡಾಳ. ನನ್ನ ತಮ್ಮ ಅರುಣಕುಮಾರ ಲಾರಿ ಹೊಡಕೊಂಡು ವಾಡಿಂದ ಸೇಡಂ ಕಡಿಗಿ ಹೊಂಟಾನ. ಅವಂಗ ಗೊತ್ತಿಲ್ಲ. ಹಸರ ಲಾರಿ, ಮುಂದ ಎರಡು ನವಿಲು ಬರಿಸ್ಯಾನ. ಯಾರರೆ ನೋಡಿದ್ರ ನಿಲ್ಲಿಸಿ ಹೇಳ್ರಿ.”

ಹಾಡು ಮತ್ತೆ ಬರಲಿಲ್ಲ. ರೇಡಿಯೋದಲ್ಲಿ ಸಣ್ಣಗೆ ಗಾಳಿಯಂಥ ಸದ್ದು. ಪಡಸಾಲೆ ತುಂಬ ಕೂತವರು ಆ ಕಪ್ಪು ಪೆಟ್ಟಿಗೆಯನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಒಂದು ಗಂಡುದನಿ ಬಂತು.

“ಹಲೋ. ನಾನು ಅಬ್ದುಲ್ ಮಜೀದ, ರಾವೂರದಾಗ ಪಂಚರ್ ಅಂಗಡಿ ನಂದು. ಜಗದೇವಿ ಬಹೆನ್ ಹೋದ್ರಂತ ಕೇಳಿ ಕೈಯಾಗಿನ ನಟ್ಟು ಬಿಚ್ಚೂ ಪಾನಾ ಬಿತ್ತು. ನವಿಲಿನ ಲಾರಿ ನನ್ನ ಅಂಗಡಿ ಮುಂದೇ ಹಾದು ಹೋಗ್ಯದ. ಚಿತ್ತಾಪುರ ಕಡಿಗಿ.”

ಚಿತ್ತಾಪುರದಿಂದ ಹೆಸರು ಹೇಳದ ಒಬ್ಬಳು ಫೋನು ಮಾಡಿದಳು. ಲಾರಿ ಬಸ್ ಸ್ಟ್ಯಾಂಡ್ ದಾಟಿ ಸೇಡಂ ರಸ್ತೆ ಹಿಡಿದದ್ದನ್ನು ಅವಳ ಗಂಡ ಕಂಡಿದ್ದನಂತೆ. ಸೈಕಲ್ ಮೋಟಾರು ಹತ್ತಿ ಬೆನ್ನು ಹತ್ತಿದ್ದಾನಂತೆ. ಮಾತು ಮುಗಿಸುವ ಮುಂಚೆ ಅವಳು ಅತ್ತಳು. ಕಾಶಪ್ಪ ಕೂತಲ್ಲೇ ಮುಂದಕ್ಕೆ ಜರುಗಿದ.

“ನಾ ಅಖ್ತರ ಬೇಗಂ ಮಾತಾಡ್ತೀನಿ.” ದನಿಯ ಹಿಂದೆ ಲಾರಿಗಳ ಹಾರನ್ನು ಒಂದೇ ಸಮ ಕೂಗುತ್ತಿತ್ತು. “ಸೇಡಂ ಮುಟ್ಟೂಕಿಂತ ಮೊದಲ ನನ್ನ ಚಾದಂಗಡಿ ಅದ. ರೋಡಿನ ನಡುವ ಖುರ್ಚಿ ಹಾಕ್ಕೊಂಡು ಕುಂತೀನಿ. ಬರೂ ಲಾರಿ ಎಲ್ಲಾ ನಿಲ್ಲಸಾಕತ್ತೀನಿ. ಡ್ರೈವರಗೋಳು ಬೈಯಾಕತ್ತಾರ, ಬೈಲಿ. ಜಗದೇವಿ ಮಗ ನನ್ನ ದಾಟಿ ಹೋಗಂಗಿಲ್ಲ.”

ಭೀಮಮ್ಮ ಬಾಯ ಮೇಲೆ ಕೈ ಇಟ್ಟುಕೊಂಡಳು. “ಅಲ್ಲಾ, ಇಕೀಗಿ ನಮ್ಮ ಜಗದೇವಿ ಹೆಂಗ ಗೊತ್ತು?”

“ಜೋಳ ಕೊಟ್ಟಾಕಿ ಇರಬೇಕು,” ಎಂದ ಕಾಶಪ್ಪ. ಬೆಳಗಿನಿಂದ ಅವನು ಹೆಂಡತಿಯ ವಿಷಯವಾಗಿ ಆಡಿದ ಮೊದಲ ಮಾತು ಅದು.

*

ಕೆಲವು ವರ್ಷಗಳ ಹಿಂದೆ ಬಾನುಲಿಯ ಕಂಬಕ್ಕೆ ಸಿಡಿಲು ಬಡಿದು ಯಂತ್ರ ಸುಟ್ಟುಹೋಗಿತ್ತು. ಜಗದೇವಿ ನಸುಕಿನಲ್ಲಿ ಎದ್ದು ಗುಂಡಿ ತಿರುಗಿಸಿದರೆ ಬರೀ ಕರಕರ. ಒಂದು ವಾರ ಕಾದಳು. ಆಮೇಲೆ ಬುಟ್ಟಿಯ ಸಮೇತ ಚಿತ್ತಾಪುರದ ಆ ಮಾಳಿಗೆ ಹತ್ತಿದಳು. ಅಲ್ಲಿಯವರೆಗೆ ಪ್ರಮಿತಾಳ ಮುಖವನ್ನು ಅವಳು ನೋಡಿರಲಿಲ್ಲ.

“ನಡಸೂದು ಆಗಂಗಿಲ್ಲ ಅವ್ವಾ,” ಎಂದಳು ಪ್ರಮಿತಾ. “ಹೊಸ ಯಂತ್ರ ತರೂ ಶಕ್ತಿ ನಮಗಿಲ್ಲ. ಮುಚ್ಚಬೇಕಂತ ಮಾಸ್ತರ್ರು ಮಾತಾಡಾಕತ್ತಾರ.”

“ಕೇಳಾವರಿಗಿ ಕೇಳೀರೇನು?”

“ಏನಂತ ಕೇಳೂದು?”

ಜಗದೇವಿ ಬುಟ್ಟಿ ಎತ್ತಿಕೊಂಡು ಇಳಿದಳು. ಆ ಸುಗ್ಗಿಯಲ್ಲಿ ರೊಟ್ಟಿ ಮಾರಿದ ಪ್ರತಿ ಮನೆಯ ಮುಂದೆಯೂ ನಿಂತು, “ನಮ್ಮ ರೇಡಿಯೋಕ್ಕ ಒಂದು ಸೇರು ಜೋಳ ಹಾಕ್ರಿ,” ಎಂದು ಕೇಳಿದಳು. ಬೇಡಲು ಹೊರಟಳೆಂದು ದೇವಾನಂದ ಕೂಗಾಡಿದ. ಊರಲ್ಲಿ ತಲೆ ಎತ್ತಿ ತಿರುಗದ ಹಾಗಾಯಿತು ಎಂದ. ಅವಳು ಒಲೆಯ ಮುಂದಿನಿಂದ ಏಳದೆ, “ದಿನಾ ಬೆಳಿಗ್ಗಿ ನನ್ನ ಜೋಡಿ ಮಾತಾಡೂದು ಅದೊಂದ ಅದ, ತಮ್ಮಾ,” ಎಂದಳು. ದೇವಾನಂದ ಎಷ್ಟೋ ದಿನ ಅವಳು ಕೊಟ್ಟ ಬುತ್ತಿಯನ್ನು ಮುಖ ನೋಡದೆ ತೆಗೆದುಕೊಂಡು ಹೋದ.

ಅವನು ನೋಡದೆ ಉಳಿದದ್ದು ಮುಂದಿನದು. ಒಂದು ಸೋಮವಾರ ಪ್ರಮಿತಾ ಕೇಂದ್ರದ ಬೀಗ ತೆರೆಯಲು ಬಂದರೆ ಮೆಟ್ಟಿಲು ಹತ್ತಲು ದಾರಿಯಿರಲಿಲ್ಲ. ಕೆಳಗಿನಿಂದ ಮಾಳಿಗೆಯ ಬಾಗಿಲವರೆಗೆ ಜೋಳದ ಚೀಲ. ಹೊಲಿದ ಚೀಲ, ಸೀರೆಯ ತುಂಡಿನಲ್ಲಿ ಕಟ್ಟಿದ ಗಂಟು, ಸಿಮೆಂಟಿನ ಖಾಲಿ ಚೀಲ. ಟೆಂಪೋದವರು, ಬಸ್ಸಿನವರು, ಖಣಿಯ ಟ್ರಾಕ್ಟರಿನವರು ದಾರಿಯಲ್ಲಿ ಹೇರಿಕೊಂಡು ಬಂದು ಇಳಿಸಿ ಹೋಗಿದ್ದರು. ಪ್ರಮಿತಾ ಕೆಳಗೆ ರಸ್ತೆಯಲ್ಲೇ ಚಪ್ಪಲಿ ಬಿಟ್ಟು, ಚೀಲಗಳ ಮೇಲೆ ಕೈಯೂರಿ ಹತ್ತಿದಳು. ಆ ಜೋಳ ಮಾರಿದ ಹಣದಲ್ಲಿ ಹೊಸ ಯಂತ್ರ ಬಂದು, ಮಳೆಗಾಲಕ್ಕೆ ಮುಂಚೆ ರೇಡಿಯೋ ಮತ್ತೆ ಮಾತಾಡಿತು.

*

“ಸಿಕ್ಕಾನ,” ಎಂದಿತು ಅಖ್ತರ ಬೇಗಂ ದನಿ. ಈಗ ಹಾರನ್ನುಗಳು ನಿಂತಿದ್ದವು. “ಅಳಾಕತ್ತಾನ ಕೂಸು. ಲಾರಿ ನನ್ನ ಅಂಗಡಿ ಮುಂದ ಇರ್ತದ, ಚಿಂತಿ ಬ್ಯಾಡ. ಒಂದು ಜೀಪಿನಾಗ ಕೂಡಸಿಕೊಂಡು ದಂಡೋತಿ ಬ್ರಿಜ್‌ಗಿ ಹೊಂಟೀವಿ.”

ಭಾಗ್ಯ ನೆಲಕ್ಕೆ ಕುಸಿದು ಜೋರಾಗಿ ಅತ್ತಳು. ದೇವಾನಂದ ಹೊಸ್ತಿಲ ಮೇಲೆ ಕೂತ.

“ಬ್ರಿಜ್ ತನಕ ಬರ್ತಾನ. ಆಮ್ಯಾಲ?” ಎಂದ. “ಮಕ ನೋಡೂದು ಆಗಂಗಿಲ್ಲಲ್ಲ, ಅಪ್ಪಾ.”

ಕಾಶಪ್ಪ ಕಂಬ ಹಿಡಿದು ಎದ್ದ. “ಆಕೀನ ಹೊಳಿ ದಂಡಿಗಿ ಒಯ್ಯೂಣು. ಅಲ್ಲಿಂದ ಮಣ್ಣಿಗಿ ಹೋಗೂಣು. ಏನ್ರಿ ಅಯ್ಯನೋರ?”

ಅಯ್ಯನವರು ಗೋಡೆಗೆ ಒರಗಿ ಕೂತವಳನ್ನು ನೋಡಿದರು. “ಒಯ್ರಿ. ಕುಂತಾಳ ತಾಯಿ. ಆಚಿ ದಂಡಿಗೂ ಕಾಣ್ತಾಳ.”

ವಿಮಾನದಲ್ಲಿ ಅವಳನ್ನು ಕೂರಿಸಿ, ಬೆನ್ನಿಗೆ ಹಲಗೆ ಕೊಟ್ಟು, ಬಿಗಿದು ಕಟ್ಟಿ ಹೊತ್ತರು. ಬಾಳೆಕಂದು, ಚೆಂಡುಹೂವಿನ ನಡುವೆ ಜಗದೇವಿ ಊರ ಓಣಿಗಳನ್ನು ಹಾದು ಇಳಿಜಾರಿನಲ್ಲಿ ಹೊಳೆಯ ಕಡೆ ಸಾಗಿದಳು. ಮುಂದಿನ ಎಡಬದಿಯ ಬಿದಿರಿಗೆ ದೇವಾನಂದ ಹೆಗಲು ಕೊಟ್ಟಿದ್ದ. ಅವನಿಗೆ ಕಾಣುತ್ತಿದ್ದದ್ದು ಕಾಲ ಕೆಳಗಿನ ಕೆಸರು ಮಾತ್ರ. ನೀರಿನ ಮೊರೆತ ಹತ್ತಿರವಾಗುತ್ತ ಬಂತು. ಎದುರಿಗಿದ್ದ ಭಜನೆಯವರ ತಾಳ ಒಮ್ಮೆಗೇ ನಿಂತಿತು.

“ಯಾಕ ನಿಲ್ಲಿಸಿದ್ರಿ?” ಎಂದು ಕೇಳಿ ತಲೆ ಎತ್ತಿದ.

ಕೆಂಪು ನೀರು ಸೇತುವೆಯ ಗುರುತನ್ನೂ ಉಳಿಸದೆ ಹರಿಯುತ್ತಿತ್ತು. ಅದರಾಚೆ ತಮ್ಮನೊಬ್ಬನನ್ನು ಕಾಣಲು ಅವನು ಕಣ್ಣು ಕಿರಿದು ಮಾಡಿದ್ದ. ಅಲ್ಲಿ ಜನವೇ ಜನ. ನೀರಿನ ಅಂಚಿನಿಂದ ಏರುರಸ್ತೆಯ ತುದಿಯವರೆಗೆ, ಎರಡೂ ಬದಿಯ ಹೊಲದ ಬದುಗಳ ಮೇಲೆ ಜನ. ಮೈತುಂಬ ಕಲ್ಲಿನ ಬಿಳಿ ಪುಡಿ ಮೆತ್ತಿಕೊಂಡ ಖಣಿಯವರು, ಸೆರಗು ಹೊದ್ದ ಹೆಂಗಸರು, ಸಾಲೆಯ ಮಾಸ್ತರರು, ಕೋಲೂರಿದ ಮುದುಕರು. ಟೆಂಪೋ, ಜೀಪು, ಸೈಕಲ್ ಮೋಟಾರುಗಳಿಂದ ಇನ್ನೂ ಇಳಿಯುತ್ತಲೇ ಇದ್ದರು. ಅವರನ್ನು ಯಾರೂ ಕರೆದಿರಲಿಲ್ಲ.

“ಇವರೆಲ್ಲ ಯಾರು, ಅಪ್ಪಾ?”

“ನಿಮ್ಮವ್ವನ ಮಂದಿ,” ಎಂದ ಕಾಶಪ್ಪ. “ನನಗೂ ಗೊತ್ತಿದ್ದಿಲ್ಲ.”

ವಿಮಾನವನ್ನು ಜಾಲಿಮುಳ್ಳಿನ ಈಚೆ ಇಳಿಸಿ, ಅವಳ ಮುಖ ನೀರಿನ ಕಡೆ ಬರುವಂತೆ ಮೆಲ್ಲನೆ ತಿರುಗಿಸಿದರು. ಆಚೆ ದಂಡೆಯ ಗದ್ದಲ ಅಡಗಿತು. ಹೊಳೆಯ ಸದ್ದು ಮಾತ್ರ ಉಳಿಯಿತು. ಗುಂಪಿನ ನಡುವಿನಿಂದ ಜನ ಸರಿದು ದಾರಿ ಬಿಟ್ಟರು. ಖಾಕಿ ಅಂಗಿಯ ಅರುಣ ನೀರಿನ ಅಂಚಿಗೆ ಬಂದು ನಿಂತ. ಕಪ್ಪು ಬುರ್ಖಾದ ಹೆಂಗಸೊಬ್ಬಳು ಅವನ ತೋಳು ಹಿಡಿದಿದ್ದಳು. ಅವನು ಕೈ ಬಿಡಿಸಿಕೊಂಡು, ತಾಯಿಯನ್ನು ನೋಡುತ್ತ ನೋಡುತ್ತ ಒದ್ದೆ ರಸ್ತೆಯ ಮೇಲೆ ಉದ್ದಕ್ಕೆ ಬಿದ್ದ. ಹೆಂಗಸು ಎರಡೂ ಅಂಗೈ ತೆರೆದು ಎತ್ತಿ ಹಿಡಿದು, ತಲೆ ತಗ್ಗಿಸಿದಳು.

ಅವರ ಬೆನ್ನ ಹಿಂದೆ ಮೊದಲ ಸಾಲಿನವರು ಮೊಣಕಾಲೂರಿದರು. ಅವರ ಹಿಂದಿನವರು, ಅವರ ಹಿಂದಿನವರು. ಗಾಳಿ ಬಂದಾಗ ಜೋಳದ ಹೊಲ ವಾಲಿದಂತೆ ಜನ ಸಾಲುಸಾಲಾಗಿ ಏರಿನ ತುದಿಯವರೆಗೆ ಬಾಗುತ್ತ ಹೋದರು. ಕೊನೆಗೆ ಆ ದಂಡೆಯ ಮೇಲೆ ತಲೆ ಎತ್ತಿ ನಿಂತದ್ದು ಖಾಲಿ ಜೀಪು, ಟೆಂಪೋಗಳು ಮಾತ್ರ. ಈಚೆ, ಹೂವಿನ ನಡುವೆ ಕೂತ ಜಗದೇವಿ ತುಂಬಿದ ಹೊಳೆಯ ಮೇಲಿಂದ ಅವರನ್ನು ನೋಡುತ್ತಿದ್ದಳು.